ಕಾಲೇಜು ಕಲಿಸೋದು ಕ್ಲಾಸ್ ಮುಗಿದ ಮೇಲೆ. ಆ ಹೊತ್ತು ಎಷ್ಟು ಜನರಿಗಿದೆ?

ಕಳೆದ ತಿಂಗಳು ಟಿನ್ ಫ್ಯಾಕ್ಟರಿ ಬಸ್ ಸ್ಟಾಪಿನಲ್ಲಿ ನಮ್ಮ ಬೀದಿಯ ಹುಡುಗಿಯೊಬ್ಬಳು ಸಿಕ್ಕಳು. ಸರ್ಕಾರಿ ಪದವಿ ಕಾಲೇಜಿನಲ್ಲಿ ಬಿ.ಕಾಂ ಓದುತ್ತಿದ್ದಾಳೆ, ಇನ್ನೂ ಮೊದಲ ವರ್ಷ. ರಜೆಯಲ್ಲಿ ವೈಟ್‌ಫೀಲ್ಡ್ ಕಡೆಯ ಒಂದು ಗೋದಾಮಿನಲ್ಲಿ ಪ್ಯಾಕಿಂಗ್ ಕೆಲಸಕ್ಕೆ ಸೇರಿದ್ದಳು. ಆ್ಯಪಿನಲ್ಲಿ ಒತ್ತಿದರೆ ಹತ್ತು ನಿಮಿಷಕ್ಕೆ ಮನೆಗೆ ಸಾಮಾನು ಬರುತ್ತಲ್ಲ, ಅಂಥ ಗೋದಾಮು. ಈಗ ಅವರು ಪೂರ್ತಿ ಹೊತ್ತಿನ ಕೆಲಸ ಕೊಡ್ತೀವಿ, ತಿಂಗಳಿಗೆ 16 ಸಾವಿರ ಅಂದಿದ್ದಾರಂತೆ.

"ಅಕ್ಕ, ಡಿಗ್ರಿನ ಮುಕ್ತ ವಿವಿಯಲ್ಲಿ ಮಾಡ್ಕೋಬಹುದು. ದಿನಾ ಕಾಲೇಜಿಗೆ ಹೋಗಿ ನಾನೇನ್ ಕಲೀತಿದೀನಿ ಹೇಳಿ? ನೋಟ್ಸ್ ವಾಟ್ಸಾಪಲ್ಲಿ ಬರುತ್ತೆ, ಪಾಠ ಯೂಟ್ಯೂಬಲ್ಲಿದೆ."

ಬಸ್ ಬಂತು. ನಾನು "ಬಿಡ್ಬೇಡ ಕಣೇ, ಆಮೇಲೆ ಮಾತಾಡೋಣ" ಅಂದೆ ಅಷ್ಟೇ. ಬಸ್ಸಿನಲ್ಲಿ ಕೂತ ಮೇಲೆ ನನಗೇ ನಾಚಿಕೆಯಾಯಿತು. ಯಾಕೆ ಬಿಡಬಾರದು ಅನ್ನೋದಕ್ಕೆ ನನ್ನ ಹತ್ತಿರ ಒಂದೂ ನೇರ ಉತ್ತರ ಇರಲಿಲ್ಲ. "ಕಾಲೇಜು ಲೈಫ್ ಗೋಲ್ಡನ್ ಲೈಫ್" ಅನ್ನೋದು ಉತ್ತರ ಅಲ್ಲ. ತಿಂಗಳ ಬಾಡಿಗೆಗೆ 16 ಸಾವಿರದಿಂದ ಎತ್ತಿಡಬೇಕಾದ ಮನೆಗೆ ಆ ಮಾತು ಅವಮಾನ. ಈ ಬರಹ ಅವಳ ಪ್ರಶ್ನೆಗೆ ಸರಿಯಾಗಿ ಉತ್ತರಿಸುವ ಪ್ರಯತ್ನ.

ನಾನು ಓದಿದ್ದೂ ಪೂರ್ವ ಬೆಂಗಳೂರಿನ ಒಂದು ಸರ್ಕಾರಿ ಕಾಲೇಜಿನಲ್ಲೇ, 2019ರಿಂದ 2022ರವರೆಗೆ. ಓದಿದ್ದೂ ಬಿ.ಕಾಂ. ವಾರಾಂತ್ಯದಲ್ಲಿ ಇಂದಿರಾನಗರದ ನೂರಡಿ ರಸ್ತೆಯ ಬಟ್ಟೆ ಅಂಗಡಿಯೊಂದರಲ್ಲಿ ನಿಂತು ಕೆಲಸ ಮಾಡುತ್ತಿದ್ದೆ. ಹಾಗಾಗಿ ಎರಡೂ ಕಡೆಯ ಲೆಕ್ಕ ನನಗೆ ಸ್ವಲ್ಪ ಗೊತ್ತಿದೆ.

'ಜೀವನ ಕೌಶಲ' ಅಂದರೆ ಏನು?

ಮೊದಲು ಪದವನ್ನು ಸರಿ ಮಾಡಿಕೊಳ್ಳೋಣ. ವಿಶ್ವ ಆರೋಗ್ಯ ಸಂಸ್ಥೆ 1990ರ ದಶಕದಲ್ಲೇ ಹತ್ತು ಜೀವನ ಕೌಶಲಗಳ ಪಟ್ಟಿ ಕೊಟ್ಟಿತು. ತನ್ನನ್ನು ತಾನು ಅರಿಯುವುದು, ಇನ್ನೊಬ್ಬರ ನೋವು ಅರ್ಥಮಾಡಿಕೊಳ್ಳುವುದು, ವಿಮರ್ಶೆಯಿಂದ ಯೋಚಿಸುವುದು, ಹೊಸದಾಗಿ ಯೋಚಿಸುವುದು, ತೀರ್ಮಾನ ತೆಗೆದುಕೊಳ್ಳುವುದು, ಸಮಸ್ಯೆ ಬಿಡಿಸುವುದು, ಸರಿಯಾಗಿ ಮಾತಾಡುವುದು, ಸಂಬಂಧ ನಿಭಾಯಿಸುವುದು, ಒತ್ತಡ ತಾಳುವುದು, ಭಾವನೆಗಳನ್ನು ಹಿಡಿತದಲ್ಲಿಡುವುದು. 2019ರಲ್ಲಿ ಯುಜಿಸಿ ಕೂಡ 'ಜೀವನ್ ಕೌಶಲ್' ಹೆಸರಿನಲ್ಲಿ ಪದವಿ ವಿದ್ಯಾರ್ಥಿಗಳಿಗೆ ಪಠ್ಯಕ್ರಮ ಮಾಡಿತು.

ಪಟ್ಟಿ ಚೆನ್ನಾಗಿದೆ. ಆದರೆ ಇದು ಕಾಲೇಜಿಗೆ ಬರುವ ಹೊತ್ತಿಗೆ ಏನಾಗುತ್ತೆ? ನನ್ನ ಮೂರು ವರ್ಷದಲ್ಲಿ ಒಂದೇ ಒಂದು 'ವ್ಯಕ್ತಿತ್ವ ವಿಕಸನ' ಕಾರ್ಯಾಗಾರ ನಡೆಯಿತು. ಕೋಟು ಹಾಕಿದ ತರಬೇತುದಾರರೊಬ್ಬರು ಬಂದು ಕೈ ಕುಲುಕುವುದು ಹೇಗೆ, ಕಣ್ಣಲ್ಲಿ ಕಣ್ಣಿಟ್ಟು ಮಾತಾಡುವುದು ಹೇಗೆ, ಸಂದರ್ಶನಕ್ಕೆ ಯಾವ ಬಣ್ಣದ ಶರ್ಟು ಅಂತ ಹೇಳಿದರು. ನಮ್ಮ ಕೊಠಡಿಯಲ್ಲಿ ಅರ್ಧ ಜನರ ಹತ್ತಿರ ಆ ಬಣ್ಣದ ಶರ್ಟು ಇರಲಿಲ್ಲ. ಕೊನೆಗೆ ಪ್ರಮಾಣಪತ್ರ ಕೊಟ್ಟರು. ಅದು ಈಗಲೂ ಮನೆಯ ಸೂಟ್‌ಕೇಸಿನಲ್ಲಿದೆ.

ಅವರು ಹೇಳಿದ್ದು ಸುಳ್ಳಲ್ಲ. ಆದರೆ ಈ ಹತ್ತು ಕೌಶಲಗಳು ಈಜಿನಂತೆ. ಬೋರ್ಡಿನ ಮೇಲೆ ಬರೆದು ಕಲಿಸಲಾಗದು, ನೀರು ಬೇಕು. ಕಾಲೇಜು ಕೊಡುವುದು ಆ ನೀರನ್ನು.

ಅಮೆರಿಕದ ಶಿಕ್ಷಣತಜ್ಞ ಫಿಲಿಪ್ ಜಾಕ್ಸನ್ 1968ರ ತಮ್ಮ ಪುಸ್ತಕದಲ್ಲಿ ಇದಕ್ಕೆ 'ಗುಪ್ತ ಪಠ್ಯಕ್ರಮ' ಅನ್ನೋ ಹೆಸರು ಕೊಟ್ಟರು. ತರಗತಿಯಲ್ಲಿ ಗಣಿತ, ಭಾಷೆ ಜೊತೆಗೆ ಮಕ್ಕಳು ಯಾರೂ ಹೇಳಿಕೊಡದ ಇನ್ನಷ್ಟು ಕಲಿಯುತ್ತಾರೆ: ಗುಂಪಿನಲ್ಲಿ ಬದುಕುವುದು, ಸರದಿ ಕಾಯುವುದು, ಎಲ್ಲರ ಮುಂದೆ ಅಳೆಸಿಕೊಳ್ಳುವುದು, ತಮಗಿಂತ ಮೇಲಿನವರ ಅಧಿಕಾರದ ಜೊತೆ ಏಗುವುದು. ಗಮನಿಸಿ, ಇದು ಎರಡು ಅಲಗಿನ ಕತ್ತಿ. ಇದೇ ಗುಪ್ತ ಪಾಠ ನಮ್ಮನ್ನು ತಲೆಬಗ್ಗಿಸೋಕೂ ಕಲಿಸಬಹುದು, ತಲೆ ಎತ್ತೋಕೂ ಕಲಿಸಬಹುದು. ಯಾವುದನ್ನು ಕಲಿಸುತ್ತೆ ಅನ್ನೋದು ಕಾಲೇಜಿನಲ್ಲಿ ಏನಿದೆ, ಏನಿಲ್ಲ ಅನ್ನೋದರ ಮೇಲೆ ನಿಂತಿದೆ.

ಮೊದಲ ಪಾಠ: ನಮ್ಮವರಲ್ಲದವರ ಪಕ್ಕ ಕೂರುವುದು

ನಮ್ಮ ಭಾಗದ ಇತಿಹಾಸ ಸ್ವಲ್ಪ ಬೇರೆ. 1809ರಲ್ಲಿ ಬ್ರಿಟಿಷರು ಇಲ್ಲಿ ದಂಡು ಪ್ರದೇಶ ಕಟ್ಟಿದರು. 1947ರವರೆಗೂ ಅದು ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ ಆಗಿ ಬ್ರಿಟಿಷರ ಕೈಯಲ್ಲೇ ಇತ್ತು. 1949ರಲ್ಲಿ ದಂಡು ಮತ್ತು ಪೇಟೆ ಎರಡೂ ಸೇರಿ ಒಂದೇ ನಗರಪಾಲಿಕೆ ಆಯಿತು. ಸೈನ್ಯದ ಹಿಂದೆ ಬಂದ ಕೆಲಸಗಾರರು, ವ್ಯಾಪಾರಿಗಳು, ಗುತ್ತಿಗೆದಾರರು ಶಿವಾಜಿನಗರ, ಹಲಸೂರು ಕಡೆ ನೆಲೆಯೂರಿದರು. ತಮಿಳು, ಉರ್ದು, ತೆಲುಗು, ಇಂಗ್ಲಿಷ್ ಎಲ್ಲಾ ಒಂದೇ ಬೀದಿಯಲ್ಲಿ. ಆಮೇಲೆ 1940ರಲ್ಲಿ ಎಚ್‌ಎಎಲ್, 1948ರಲ್ಲಿ ದೂರವಾಣಿನಗರದ ಐಟಿಐ ಬಂದ ಮೇಲೆ ಕೆ.ಆರ್. ಪುರದ ಕಡೆಗೂ ನಾನಾ ಊರಿನ ಜನ ಬಂದರು. ಈಗ ಕಟ್ಟಡ ಕೆಲಸಕ್ಕೆ, ಸೆಕ್ಯುರಿಟಿ ಕೆಲಸಕ್ಕೆ ರಾಯಚೂರು, ಕಲಬುರಗಿಯಿಂದ ಬಂದವರ ಮಕ್ಕಳೂ ಇಲ್ಲೇ ಇದ್ದಾರೆ.

ಆದರೆ ಒಂದೇ ನಗರದಲ್ಲಿದ್ದೀವಿ ಅಂದ ಮಾತ್ರಕ್ಕೆ ಒಬ್ಬರಿಗೊಬ್ಬರು ಗೊತ್ತು ಅಂತಲ್ಲ. ನಾನು ಹತ್ತನೇ ಕ್ಲಾಸಿನವರೆಗೆ ಓದಿದ್ದು ಮನೆ ಪಕ್ಕದ ಶಾಲೆಯಲ್ಲಿ. ನನ್ನ ಗೆಳತಿಯರೆಲ್ಲ ನನ್ನ ಬೀದಿಯವರೇ, ಹೆಚ್ಚುಕಮ್ಮಿ ನಮ್ಮ ಥರದವರೇ. ಹದಿನೆಂಟು ವರ್ಷ ತುಂಬೋವರೆಗೆ ನಾನು ಒಬ್ಬ ಮುಸ್ಲಿಂ ಹುಡುಗಿಯ ಮನೆಯೊಳಗೆ ಹೋಗಿರಲಿಲ್ಲ. ಇದು ಹೆಮ್ಮೆಯಿಂದ ಹೇಳೋ ಮಾತಲ್ಲ.

ಕಾಲೇಜಿನ ಮೊದಲ ವಾರ ನನ್ನ ಬೆಂಚಿನಲ್ಲಿ ಕೂತವರು ಮೂವರು. ಶಿವಾಜಿನಗರದ ಒಬ್ಬಳು, ಮನೆಮಾತು ಉರ್ದು. ಹಲಸೂರಿನ ಒಬ್ಬಳು, ತಮಿಳು. ಮಸ್ಕಿಯಿಂದ ಅಪ್ಪನ ಜೊತೆ ಬಂದು ದೇವಸಂದ್ರದಲ್ಲಿದ್ದ ಇನ್ನೊಬ್ಬಳು. ಅವಳ ಕನ್ನಡ ಕೇಳಿ ನಾವು ನಗುತ್ತಿದ್ದೆವು. ಒಂದು ದಿನ ಅವಳು ಪುಸ್ತಕ ಮುಚ್ಚಿ, "ನಿಮ್ಮ ಕನ್ನಡ ಕೇಳಿ ನಮ್ಮೂರಾಗ ನಾವೂ ನಗ್ತೀವಿ, ಆದ್ರ ಮುಂದ ಕುಂತು ನಗಂಗಿಲ್ಲ" ಅಂದಳು. ಅವತ್ತಿಗೆ ನಮ್ಮ ನಗು ನಿಂತಿತು. 'ಇನ್ನೊಬ್ಬರ ನೋವು ಅರ್ಥಮಾಡಿಕೊಳ್ಳುವುದು' ಅನ್ನೋ ಕೌಶಲದ ಪೂರ್ತಿ ಪಠ್ಯ ನನಗೆ ಆ ಒಂದು ವಾಕ್ಯದಲ್ಲಿ ಸಿಕ್ಕಿತು.

ಇದಕ್ಕೆ ಲಾಭದ ಲೆಕ್ಕವೂ ಇದೆ. ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರ ತಮ್ಮ ಪ್ರಸಿದ್ಧ ಪ್ರಬಂಧದಲ್ಲಿ ತೋರಿಸಿದ್ದು ಇದನ್ನೇ: ಕೆಲಸದ ಸುದ್ದಿ ನಮಗೆ ಹೆಚ್ಚಾಗಿ ಸಿಗೋದು ಆಪ್ತರಿಂದ ಅಲ್ಲ, ಅಷ್ಟಕ್ಕಷ್ಟೇ ಪರಿಚಯ ಇರುವವರಿಂದ. ಯಾಕಂದ್ರೆ ಆಪ್ತರಿಗೆ ಗೊತ್ತಿರೋದು ನಮಗೂ ಗೊತ್ತಿರುತ್ತೆ. ದೂರದ ಪರಿಚಯ ಬೇರೆ ಲೋಕದ ಸುದ್ದಿ ತರುತ್ತೆ. ನನ್ನ ಮೊದಲ ಆಫೀಸ್ ಕೆಲಸದ ಸುದ್ದಿ ಬಂದಿದ್ದು ಹಲಸೂರಿನ ಗೆಳತಿಯ ಅತ್ತೆಯ ಕಡೆಯಿಂದ. ನಮ್ಮ ಬೀದಿಯಲ್ಲಿ ಯಾರಿಗೂ ಅಂಥದ್ದೊಂದು ಹುದ್ದೆ ಇದೆ ಅನ್ನೋದೇ ಗೊತ್ತಿರಲಿಲ್ಲ. ದುಡ್ಡಿರುವ ಮನೆಗೆ ಇಂಥ ಪರಿಚಯಗಳು ಹುಟ್ಟಿನಿಂದಲೇ ಬರುತ್ತವೆ. ನಮ್ಮಂಥವರಿಗೆ ಅವು ಸಿಗುವ ಕೆಲವೇ ಜಾಗಗಳಲ್ಲಿ ಕಾಲೇಜು ಒಂದು.

ಎರಡನೇ ಪಾಠ: ಕೌಂಟರಿನ ಮುಂದೆ ನಿಲ್ಲುವುದು

ಇದನ್ನು ಯಾವ ಪಟ್ಟಿಯಲ್ಲೂ ಬರೆದಿಲ್ಲ, ಆದರೆ ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದಿದ್ದು ಇದೇ.

ಮೊದಲ ವರ್ಷ ನನ್ನ ವಿದ್ಯಾರ್ಥಿವೇತನ ಬರಲಿಲ್ಲ. ಪೋರ್ಟಲ್‌ನಲ್ಲಿ 'ಪರಿಶೀಲನೆಯಲ್ಲಿದೆ' ಅಂತ ತಿಂಗಳುಗಟ್ಟಲೆ. ಒಂದು ಕಚೇರಿಯಲ್ಲಿ ಕೇಳಿದರೆ ಇನ್ನೊಂದು ಕಡೆ ಹೋಗಿ ಅಂದರು, ಅಲ್ಲಿ ಕೇಳಿದರೆ ಬ್ಯಾಂಕಿಗೆ ಹೋಗಿ ಅಂದರು. ನನ್ನ ಅಮ್ಮ ಗಾರ್ಮೆಂಟ್ಸ್ ಕೆಲಸದವರು. ಇಂಥ ಕಡೆ ಹೋದರೆ ಬಾಗಿಲ ಹತ್ತಿರವೇ ನಿಂತು "ಸಾರ್" ಅಂತ ಕಾಯುವವರು. ನಾನೂ ಹಾಗೇ ನಿಂತೆ. ಎರಡು ಸಲ ವಾಪಸ್ ಬಂದೆ.

ಮೂರನೇ ಸಲ ನಮ್ಮ ಕಾಲೇಜಿನ ಸೀನಿಯರ್ ಒಬ್ಬ ಜೊತೆಗೆ ಬಂದ. ಅವನು ಕಲಿಸಿದ್ದು ಮೂರೇ ವಿಷಯ. ಒಂದು, ಬಾಯಲ್ಲಿ ಹೇಳಬೇಡ, ಅರ್ಜಿ ಬರೆದು ಕೊಡು. ಎರಡು, ಅರ್ಜಿಯ ಇನ್ನೊಂದು ಪ್ರತಿಯ ಮೇಲೆ ಸೀಲು, ದಿನಾಂಕ ಹಾಕಿಸಿಕೋ. ಮೂರು, ಆಗಲ್ಲ ಅಂದರೆ, "ಆಗಲ್ಲ ಅಂತ ಹಿಂಬರಹ ಕೊಡಿ ಸಾರ್" ಅಂತ ಕೇಳು. ಜೊತೆಗೆ 2005ರ ಮಾಹಿತಿ ಹಕ್ಕು ಕಾಯ್ದೆ ಬಗ್ಗೆಯೂ ಹೇಳಿದ: ಸಾಮಾನ್ಯವಾಗಿ 30 ದಿನದೊಳಗೆ ಉತ್ತರ ಕೊಡಲೇಬೇಕು. ಅರ್ಜಿ ಬರೆದ ಮೇಲೆ ಗೊತ್ತಾಯಿತು, ನನ್ನ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿರಲಿಲ್ಲ. ಒಂದು ಫಾರ್ಮ್ ತುಂಬಿದ ಕೆಲಸ. ಹಣ ಬಂತು.

ಇವತ್ತು ನಮ್ಮ ಬೀದಿಯಲ್ಲಿ ರೇಷನ್ ಕಾರ್ಡ್, ಪಿಂಚಣಿ, ಆಸ್ಪತ್ರೆ ಬಿಲ್ಲು ಏನೇ ಸಮಸ್ಯೆ ಬಂದರೂ ನನ್ನನ್ನು ಕರೆಯುತ್ತಾರೆ. ನಾನು ದೊಡ್ಡ ಬುದ್ಧಿವಂತೆ ಅಂತಲ್ಲ. ಪ್ರಭುತ್ವದ ಜೊತೆ ಮಾತಾಡೋಕೆ ಒಂದು ಭಾಷೆ ಇದೆ, ಅದು ನನಗೆ ಬರುತ್ತೆ. ಅದನ್ನು ಯಾವ ಪ್ರಾಧ್ಯಾಪಕರೂ ಕಲಿಸಲಿಲ್ಲ, ಕಾಲೇಜಿನ ಮೆಟ್ಟಿಲ ಮೇಲೆ ಕೂತಿದ್ದ ಸೀನಿಯರ್ ಕಲಿಸಿದ. ಯೂಟ್ಯೂಬಿನಲ್ಲಿ ಆ ಮಾಹಿತಿ ಇರಬಹುದು. ಆದರೆ ಯೂಟ್ಯೂಬ್ ಪಕ್ಕದಲ್ಲಿ ಬಂದು ನಿಲ್ಲಲ್ಲ.

ಮೂರನೇ ಪಾಠ: ತಪ್ಪು ಮಾಡಿ ಬದುಕುಳಿಯುವುದು

ರಾಷ್ಟ್ರೀಯ ಸೇವಾ ಯೋಜನೆ, ಅಂದರೆ ಎನ್‌ಎಸ್‌ಎಸ್, ಗಾಂಧಿ ಶತಮಾನೋತ್ಸವದ ವರ್ಷವಾದ 1969ರಲ್ಲಿ ಶುರುವಾಯಿತು. ಸ್ವಯಂಸೇವಕರು ವರ್ಷಕ್ಕೆ 120 ಗಂಟೆ, ಎರಡು ವರ್ಷ ಕೆಲಸ ಮಾಡಬೇಕು. ಜೊತೆಗೆ ಏಳು ದಿನದ ವಿಶೇಷ ಶಿಬಿರ. 2020ರ ಜನವರಿಯಲ್ಲಿ ನಾವು ಕೋಲಾರದ ಕಡೆಯ ಒಂದು ಹಳ್ಳಿಗೆ ಶಿಬಿರಕ್ಕೆ ಹೋದೆವು. ಸುಮಾರು ಐವತ್ತು ಜನ. ಅಡುಗೆ ಸಾಮಾನಿನ ಲೆಕ್ಕ ನನ್ನ ಪಾಲಿಗೆ ಬಂತು. ಬಿ.ಕಾಂ ಹುಡುಗಿ ಅಲ್ವಾ!

ನಾಲ್ಕನೇ ದಿನ ರಾತ್ರಿಯೇ ಅಕ್ಕಿ ಮುಗಿಯಿತು. ನಾನು ಮನೆಯ ಅಳತೆಯಲ್ಲಿ ಲೆಕ್ಕ ಹಾಕಿದ್ದೆ. ದಿನವಿಡೀ ಮಣ್ಣು ಹೊತ್ತ ಹುಡುಗರು ಮನೆಯಲ್ಲಿ ಉಣ್ಣುವಷ್ಟೇ ಉಣ್ಣಲ್ಲ ಅನ್ನೋದು ಹೊಳೆದಿರಲಿಲ್ಲ. ಮೊದಲು ಸುಳ್ಳು ಹೇಳೋಣ ಅನ್ನಿಸಿತು, ಅಂಗಡಿಯವನು ಕಮ್ಮಿ ತೂಗಿದ ಅಂತ. ಆಮೇಲೆ ಎಲ್ಲರೂ ಊಟಕ್ಕೆ ಕೂತಾಗ ಎದ್ದು ನಿಂತು, "ನನ್ನ ಲೆಕ್ಕ ತಪ್ಪಾಗಿದೆ" ಅಂದೆ. ಕಾಲು ನಡುಗುತ್ತಿತ್ತು. ಒಂದಿಬ್ಬರು ರೇಗಿದರು. ಉಳಿದವರು ಊರಿನ ಮನೆಗಳಿಗೆ ಹೋಗಿ ರಾಗಿಹಿಟ್ಟು ಕೇಳಿ ತಂದರು. ಮರುದಿನ ಎಲ್ಲರಿಗೂ ಮುದ್ದೆ.

ಇಲ್ಲೇ ಗೋದಾಮಿನ ಕೆಲಸಕ್ಕೂ ಕಾಲೇಜಿಗೂ ಇರೋ ವ್ಯತ್ಯಾಸ. ಕೆಲಸ ಏನೂ ಕಲಿಸಲ್ಲ ಅಂತ ನಾನು ಹೇಳಲ್ಲ. ಬಟ್ಟೆ ಅಂಗಡಿ ನನಗೆ ಬಹಳ ಕಲಿಸಿದೆ: ಗಿರಾಕಿಯ ಮುಖ ಓದುವುದು, ಎಂಟು ಗಂಟೆ ನಿಲ್ಲುವುದು, ಸಿಟ್ಟು ನುಂಗುವುದು. ಹದಿನಾಲ್ಕು ವರ್ಷ ಹೊಲಿಗೆ ಮೆಷಿನ್ ಮುಂದೆ ಕೂತ ನನ್ನ ಅಮ್ಮನಿಗೆ ಇರುವಷ್ಟು ತಾಳ್ಮೆ ನನಗೆ ಯಾವತ್ತೂ ಬರಲ್ಲ. ಆದರೆ ಅಂಗಡಿಯಲ್ಲಿ ನಾನು ಒಂದು ಬಿಲ್ಲು ತಪ್ಪು ಮಾಡಿದಾಗ 400 ರೂಪಾಯಿ ಸಂಬಳದಲ್ಲಿ ಕಟ್ ಆಯಿತು. ಅವತ್ತು ಕಲಿತದ್ದು ತಪ್ಪನ್ನು ಮುಚ್ಚಿಡುವುದು ಹೇಗೆ ಅಂತ. ಶಿಬಿರದಲ್ಲಿ ಕಲಿತದ್ದು ತಪ್ಪನ್ನು ಒಪ್ಪಿಕೊಳ್ಳುವುದು ಹೇಗೆ ಅಂತ. ಕಾಲೇಜು ಅಂದರೆ ತಪ್ಪಿಗೆ ಸಂಬಳ ಕಟ್ ಆಗದ ಮೂರು ವರ್ಷ. ಹದಿನೆಂಟು ವರ್ಷದವರಿಗೆ ಅದು ಐಷಾರಾಮ ಅಲ್ಲ, ಅಗತ್ಯ.

ನಾಲ್ಕನೇ ಪಾಠ: ಜಗಳ ಆಡಿಯೂ ಜೊತೆಗಿರುವುದು

2022ರ ಫೆಬ್ರವರಿ ನಿಮಗೆ ನೆನಪಿರಬಹುದು. ಉಡುಪಿಯ ಪಿಯು ಕಾಲೇಜಿನಲ್ಲಿ ಶುರುವಾದ ಹಿಜಾಬ್ ವಿವಾದ ರಾಜ್ಯವೆಲ್ಲ ಹಬ್ಬಿತು. ಫೆಬ್ರವರಿ 5ರಂದು ಸರ್ಕಾರದ ಆದೇಶ, ಕೆಲವು ದಿನ ಕಾಲೇಜುಗಳಿಗೆ ರಜೆ, ಮಾರ್ಚ್ 15ಕ್ಕೆ ಹೈಕೋರ್ಟ್ ತೀರ್ಪು. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಟ್ಟರು.

ನಮ್ಮ ಕಾಲೇಜಿನಲ್ಲಿ ಸಮವಸ್ತ್ರ ಇರಲಿಲ್ಲ. ಆದರೂ ಕ್ಲಾಸಿನ ವಾಟ್ಸಾಪ್ ಗುಂಪಿನಲ್ಲಿ ಬೆಂಕಿ. ಮೂರು ವರ್ಷ ಟಿಫನ್ ಹಂಚಿಕೊಂಡವರು ಒಬ್ಬರಿಗೊಬ್ಬರು ಏನೇನೋ ಫಾರ್ವರ್ಡ್ ಮಾಡಿದರು. ಶಿವಾಜಿನಗರದ ನನ್ನ ಗೆಳತಿ ಗುಂಪು ಬಿಟ್ಟಳು. ಕಾಲೇಜು ತೆರೆದ ದಿನ ಅವಳು ಬಂದಳು, ಎಂದಿನಂತೆ ಹಿಜಾಬ್ ಹಾಕಿಕೊಂಡೇ. ಫಾರ್ವರ್ಡ್ ಮಾಡಿದ್ದ ಹುಡುಗನೂ ಬಂದ. ಫೋನಿನಲ್ಲಿ ಆಡಿದ ಮಾತನ್ನು ಮುಖ ನೋಡಿ ಆಡೋಕೆ ಅವನಿಗೆ ಆಗಲಿಲ್ಲ. ಅವಳು ಕೇಳಿದಳು, "ನನ್ನ ಓದು ನಿಲ್ಲಬೇಕು ಅಂತ ನಿಂಗೆ ಅನ್ಸುತ್ತಾ? ಅಷ್ಟ್ ಹೇಳು ಸಾಕು." ಅವನು ಸುಮ್ಮನೆ ನಿಂತ. ಅವರಿಬ್ಬರೂ ಆಮೇಲೆ ಸ್ನೇಹಿತರಾದರು ಅಂತ ಸಿನಿಮಾ ಥರ ಹೇಳೋಕೆ ಆಗಲ್ಲ. ಆದರೆ ಅವನು ಆ ಪೋಸ್ಟ್ ಅಳಿಸಿದ, ಪರೀಕ್ಷೆಗೆ ಮುಂಚೆ ಅವಳ ಕಾಸ್ಟ್ ಅಕೌಂಟಿಂಗ್ ನೋಟ್ಸ್ ಕೇಳಿ ತೆಗೆದುಕೊಂಡ.

ಪ್ರಜಾಪ್ರಭುತ್ವ ಅಂದರೆ ಒಪ್ಪದವರ ಜೊತೆಯೂ ಒಂದೇ ಕೊಠಡಿಯಲ್ಲಿ ಇರೋದು. ಆ ಕೊಠಡಿಯಿಂದ ಯಾರನ್ನಾದರೂ ಹೊರಗಿಟ್ಟರೆ ಹೋಗೋದು ಅವರ ಓದು ಮಾತ್ರ ಅಲ್ಲ, ಒಳಗೆ ಉಳಿದವರ ಕಲಿಕೆಯೂ ಹೋಗುತ್ತೆ.

ಕೋವಿಡ್ ಮಾಡಿದ ಪ್ರಯೋಗ

"ಪಾಠ ಫೋನಿನಲ್ಲೇ ಸಿಗುತ್ತಲ್ಲ" ಅನ್ನೋ ಮಾತಿಗೆ ನನ್ನ ಬ್ಯಾಚಿನ ಅನುಭವವೇ ಸಾಕ್ಷಿ. 2020ರ ಮಾರ್ಚ್‌ನಲ್ಲಿ ಕಾಲೇಜು ಮುಚ್ಚಿತು. ನವೆಂಬರ್ 17ಕ್ಕೆ ಪದವಿ ಕಾಲೇಜುಗಳು ತೆರೆದವು, 2021ರ ಏಪ್ರಿಲ್‌ನಲ್ಲಿ ಎರಡನೇ ಅಲೆಗೆ ಮತ್ತೆ ಮುಚ್ಚಿದವು, ಜುಲೈ 26ಕ್ಕೆ ಮತ್ತೆ ತೆರೆದವು. ಆ ನಡುವೆ ಪಾಠ ಎಲ್ಲ ಫೋನಿನಲ್ಲಿ. ಮನೆಯಲ್ಲಿ ಒಂದೇ ಸ್ಮಾರ್ಟ್‌ಫೋನು, ನನಗೂ ತಮ್ಮನಿಗೂ ಹಂಚಿಕೆ. ಪಠ್ಯ ಮುಗಿಯಿತು, ನಾನು ಪಾಸಾದೆ, ಅಂಕ ಕಮ್ಮಿಯೇನೂ ಬರಲಿಲ್ಲ.

ಆದರೆ ಆ ತಿಂಗಳುಗಳಲ್ಲಿ ನಾನು ಹೊಸದಾಗಿ ಒಬ್ಬರನ್ನೂ ಪರಿಚಯ ಮಾಡಿಕೊಳ್ಳಲಿಲ್ಲ. ಒಂದು ಪ್ರಶ್ನೆಯನ್ನೂ ಕೇಳಲಿಲ್ಲ, ಮೈಕ್ ಆನ್ ಮಾಡೋಕೆ ಭಯ, ಹಿಂದೆ ಮಿಕ್ಸಿ ಸದ್ದು. ಮಸ್ಕಿಯ ಗೆಳತಿ ಅಪ್ಪನ ಜೊತೆ ಊರಿಗೆ ಹೋದವಳು ವಾಪಸ್ ಬರಲೇ ಇಲ್ಲ. ಅವಳಿಗೆ ಮದುವೆ ಆಯಿತು ಅಂತ ಆಮೇಲೆ ಗೊತ್ತಾಯಿತು. ಕಾಲೇಜು ಇದ್ದಿದ್ದರೆ ಅವಳ ಗೈರುಹಾಜರಿ ಮೂರನೇ ದಿನಕ್ಕೇ ನಮಗೆ ಗೊತ್ತಾಗುತ್ತಿತ್ತು. ಫೋನಿನ ಕ್ಲಾಸಿನಲ್ಲಿ ಅವಳು ಒಂದು ಹೆಸರು ಮಾತ್ರ ಆಗಿದ್ದಳು. ಪಠ್ಯವನ್ನು ಮಾತ್ರ ಉಳಿಸಿ ಮಿಕ್ಕಿದ್ದೆಲ್ಲ ತೆಗೆದರೆ ಕಾಲೇಜಿನಲ್ಲಿ ಏನು ಉಳಿಯುತ್ತೆ ಅನ್ನೋದನ್ನು ನಾವು ಹಾಗೆ ನೋಡಿದೆವು.

ಹಾಗಾದರೆ ಎಲ್ಲರಿಗೂ ಇದು ಸಿಗುತ್ತಾ?

ಇಲ್ಲ. ಇದೇ ಈ ಬರಹದ ಮುಖ್ಯ ಮಾತು.

ಮೇಲೆ ಹೇಳಿದ ನಾಲ್ಕೂ ಪಾಠ ನಡೆದಿದ್ದು ಕ್ಲಾಸಿನ ಹೊರಗೆ: ಬೆಂಚಿನಲ್ಲಿ, ಮೆಟ್ಟಿಲ ಮೇಲೆ, ಶಿಬಿರದಲ್ಲಿ. ಅದಕ್ಕೆ ಬೇಕಾದದ್ದು ಬಿಡುವಿನ ಹೊತ್ತು, ಕೂರಲು ಜಾಗ, ಜೊತೆಗೆ ಇರೋಕೆ ಜನ. ನಮ್ಮ ಕಾಲೇಜುಗಳಲ್ಲಿ ಅಸಲಿ ಶುಲ್ಕ ಈ ಹೊತ್ತು. ಅದನ್ನು ಕಟ್ಟೋಕೆ ಆಗುವವರು ಕೆಲವರೇ.

ಉನ್ನತ ಶಿಕ್ಷಣದ ಅಖಿಲ ಭಾರತ ಸಮೀಕ್ಷೆ 2021-22ರ ಪ್ರಕಾರ ದೇಶದಲ್ಲಿ ಅತಿ ಹೆಚ್ಚು ಕಾಲೇಜುಗಳಿರುವ ಜಿಲ್ಲೆ ಬೆಂಗಳೂರು ನಗರ. ಸಾವಿರಕ್ಕೂ ಹೆಚ್ಚು ಇವೆ. ಅದೇ ಸಮೀಕ್ಷೆಯಲ್ಲಿ ಕರ್ನಾಟಕದ ಒಟ್ಟು ದಾಖಲಾತಿ ಅನುಪಾತ 36.2. ದೇಶದ ಸರಾಸರಿ 28.4ಕ್ಕಿಂತ ಮೇಲೆ, ನಿಜ. ಆದರೆ 18ರಿಂದ 23ರ ವಯಸ್ಸಿನವರಲ್ಲಿ ಸುಮಾರು ಮೂರರಲ್ಲಿ ಇಬ್ಬರಿಗೆ ಕಾಲೇಜೇ ಇಲ್ಲ ಅನ್ನೋದೂ ಇದರ ಇನ್ನೊಂದು ಮುಖ. ಕಾಲೇಜು ಒಳಗೆ ಬಂದವರಲ್ಲೂ ಎರಡು ಲೋಕ. ದಂಡು ಪ್ರದೇಶ ಮತ್ತು ಸುತ್ತಮುತ್ತಲಿನ ದೊಡ್ಡ ಖಾಸಗಿ ಕಾಲೇಜುಗಳಲ್ಲಿ ಸಂಜೆಯವರೆಗೂ ಚಟುವಟಿಕೆ: ನಾಟಕ ತಂಡ, ಚರ್ಚಾ ಕ್ಲಬ್ಬು, ಫೆಸ್ಟು, ವಿದ್ಯಾರ್ಥಿ ಕೌನ್ಸಿಲ್ಲು. ಹತ್ತು ಹನ್ನೆರಡು ಕಿಲೋಮೀಟರ್ ಆಚೆ ನನ್ನ ಕಾಲೇಜಿನಲ್ಲಿ ಮಧ್ಯಾಹ್ನ ಒಂದೂವರೆಗೆ ಗೇಟಿನ ಹತ್ತಿರ ಗಾಡಿಗಳ ಸಾಲು. ಹುಡುಗರು ಡೆಲಿವರಿ ಬ್ಯಾಗು ಹಾಕಿಕೊಂಡು ಹೊರಡುತ್ತಿದ್ದರು. ಹುಡುಗಿಯರು ನಾಲ್ಕರೊಳಗೆ ಮನೆ ಸೇರಬೇಕು. ಕ್ಯಾಂಟೀನ್ ಇರಲಿಲ್ಲ.

ಕಲಿಸುವವರಿಗೂ ಹೊತ್ತಿಲ್ಲ. ರಾಜ್ಯದ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳು ನಿಂತಿರೋದೇ ಹತ್ತು ಸಾವಿರಕ್ಕೂ ಹೆಚ್ಚು ಅತಿಥಿ ಉಪನ್ಯಾಸಕರ ಮೇಲೆ. ಸೇವಾ ಭದ್ರತೆ ಕೇಳಿ 2023ರ ಕೊನೆಯಲ್ಲಿ ಅವರು ತರಗತಿ ಬಹಿಷ್ಕರಿಸಿದ್ದು ನಿಮಗೆ ಗೊತ್ತು. ತನ್ನ ಮುಂದಿನ ವರ್ಷ ಏನಾಗುತ್ತೆ ಅಂತ ಗೊತ್ತಿಲ್ಲದ ಮೇಷ್ಟ್ರು, ವಿದ್ಯಾರ್ಥಿಯ ಮುಂದಿನ ವರ್ಷದ ಬಗ್ಗೆ ಕೂತು ಮಾತಾಡಬೇಕು ಅಂದರೆ ಹೇಗೆ?

ಪ್ರಯಾಣವೂ ಹೊತ್ತನ್ನು ತಿನ್ನುತ್ತೆ. ನಾನು ಓದುವಾಗ ಮೆಟ್ರೋ ಬೈಯಪ್ಪನಹಳ್ಳಿಗೆ ನಿಲ್ಲುತ್ತಿತ್ತು. ಅಲ್ಲಿಂದ ಕೆ.ಆರ್. ಪುರಕ್ಕೆ ಟಿನ್ ಫ್ಯಾಕ್ಟರಿ ಟ್ರಾಫಿಕ್ಕಿನಲ್ಲಿ ಮುಕ್ಕಾಲು ಗಂಟೆ. ಆ ತುಂಡು ಹಳಿ ಸೇರಿದ್ದು 2023ರ ಅಕ್ಟೋಬರ್ 9ಕ್ಕೆ. ಅದೇ ವರ್ಷ ಜೂನ್ 11ರಿಂದ ಶಕ್ತಿ ಯೋಜನೆ. ಈ ಎರಡರ ಬಗ್ಗೆ ಏನೇ ಟೀಕೆ ಇರಲಿ, ನಮ್ಮ ಬೀದಿಯ ಹುಡುಗಿಯರಿಗೆ ಇವು ಹೊತ್ತು ಕೊಟ್ಟಿವೆ, "ಬಸ್ ಚಾರ್ಜ್ ಯಾರು ಕೊಡ್ತಾರೆ" ಅನ್ನೋ ಮನೆಯ ವಾದ ಮುಗಿಸಿವೆ.

ಹೊತ್ತು ಮತ್ತು ಜಾಗ ಕೊಟ್ಟರೆ ಏನಾಗುತ್ತೆ ಅನ್ನೋದಕ್ಕೆ ನಮ್ಮ ನಗರದಲ್ಲೇ ಹಳೆಯ ಉದಾಹರಣೆಗಳಿವೆ. ಇದೇ ದಂಡಿನಲ್ಲಿ 1873ರಲ್ಲಿ ಆರ್ಕಾಟ್ ನಾರಾಯಣಸ್ವಾಮಿ ಮೊದಲಿಯಾರ್ ಬಡವರ ಮಕ್ಕಳಿಗಾಗಿ ಶಾಲೆ ತೆರೆದರು. ಅದೇ ಬೆಳೆದು ಇವತ್ತಿನ ಆರ್‌ಬಿಎಎನ್‌ಎಂ ಸಂಸ್ಥೆಗಳಾದವು. ದಂಡಿನಾಚೆ, ಕವಿ ಸಿದ್ದಲಿಂಗಯ್ಯ ಓದಿದ್ದು ದಲಿತ ವಿದ್ಯಾರ್ಥಿಗಳಿಗಾಗಿ ಇದ್ದ ಗೋಪಾಲಸ್ವಾಮಿ ಅಯ್ಯರ್ ಹಾಸ್ಟೆಲಿನಲ್ಲಿದ್ದುಕೊಂಡು. ಅವರ 'ಊರುಕೇರಿ' ಓದಿದವರಿಗೆ ಆ ಹಾಸ್ಟೆಲಿನ ಹಸಿವು, ತಮಾಷೆ, ಗೆಳೆತನ, ಭಾಷಣದ ಹುಚ್ಚು ಗೊತ್ತು. 1973ರಲ್ಲಿ ಸಚಿವ ಬಿ. ಬಸವಲಿಂಗಪ್ಪನವರ 'ಬೂಸಾ' ಮಾತಿಗೆ ಗಲಾಟೆ ಎದ್ದು ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದಾಗ ಎದುರು ನಿಂತದ್ದು ಇಂಥ ಹಾಸ್ಟೆಲುಗಳ ಹುಡುಗರು. ದಲಿತ ಸಂಘರ್ಷ ಸಮಿತಿ ಬೆಳೆದದ್ದು ಆ ತಲೆಮಾರಿನಿಂದ. ಒಂದು ಮಂಚ, ಎರಡು ಊಟ, ರಾತ್ರಿ ಹತ್ತರವರೆಗೆ ವಾದ ಮಾಡೋಕೆ ಜೊತೆಗಾರರು: ಸಿಕ್ಕಿದ್ದು ಇಷ್ಟೇ, ಆದರೆ ಅದು ಕರ್ನಾಟಕದ ರಾಜಕಾರಣದ ಭಾಷೆಯನ್ನೇ ಬದಲಿಸಿತು.

ಇನ್ನೊಂದು ಕಡೆಯನ್ನೂ ಹೇಳಬೇಕು. ಕಾಲೇಜು ತಾನೇ ತಾನಾಗಿ ಒಳ್ಳೆಯದಲ್ಲ. 2016ರ ಜನವರಿ 17ರಂದು ಹೈದರಾಬಾದ್ ವಿಶ್ವವಿದ್ಯಾಲಯದಲ್ಲಿ ರೋಹಿತ್ ವೇಮುಲ ಅವರನ್ನು ನಾವು ಕಳೆದುಕೊಂಡೆವು. ಜಾತಿ ಹೆಸರಿಡಿದು ನಗುವ ಬೆಂಚುಗಳು, ರ‍್ಯಾಗಿಂಗ್, ಹುಡುಗಿಯರ ಉಡುಪಿನ ಮೇಲೆ ಕಣ್ಣಿಡುವ ಗೇಟುಗಳು ಇವತ್ತೂ ಇವೆ. ಬೇರೆಯವರ ಪಕ್ಕ ಕೂರಿಸಿದರೆ ಸಾಕು, ಬೆಳವಣಿಗೆ ಆಗಿಬಿಡುತ್ತೆ ಅಂತಲ್ಲ. ಅವಮಾನವಾದಾಗ ದೂರು ಕೊಡೋಕೆ ಒಂದು ಬಾಗಿಲು, ಆ ದೂರಿಗೆ ಬೆಲೆ ಇರಬೇಕು.

ನಾಯಕತ್ವ ಕಲಿಸ್ತಾರಂತೆ, ಮತ ಕೊಡಲ್ಲವಂತೆ

ಕಾರ್ಯಾಗಾರದ ತರಬೇತುದಾರರು ಅತಿ ಹೆಚ್ಚು ಸಲ ಹೇಳಿದ ಪದ 'ನಾಯಕತ್ವ'. ಇದರ ತಮಾಷೆ ನೋಡಿ. ಸಂವಿಧಾನದ 61ನೇ ತಿದ್ದುಪಡಿಯಿಂದ 1989ರ ಮಾರ್ಚ್‌ನಲ್ಲಿ ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿಯಿತು. ಹೆಚ್ಚುಕಮ್ಮಿ ಅದೇ ಹೊತ್ತಿಗೆ ಕರ್ನಾಟಕದ ಕಾಲೇಜುಗಳಲ್ಲಿ ವಿದ್ಯಾರ್ಥಿ ಸಂಘದ ಚುನಾವಣೆಗಳು ನಿಂತವು. ಕಾರಣ, ಹಿಂಸೆ. ಅಂದರೆ ಹದಿನೆಂಟರ ಹುಡುಗಿ ಪ್ರಧಾನಿಯನ್ನು ಆರಿಸಬಹುದು, ಕಾಲೇಜಿನ ಶೌಚಾಲಯಕ್ಕೆ ನೀರು ಬರಲಿ ಅಂತ ಕೇಳುವ ಪ್ರತಿನಿಧಿಯನ್ನು ಆರಿಸುವಂತಿಲ್ಲ.

ಹಿಂಸೆಯ ಭಯ ಸುಳ್ಳಲ್ಲ. ಅದಕ್ಕೇ ಲಿಂಗ್ಡೋ ಸಮಿತಿ ನಿಯಮ ಮಾಡಿತು: ಅಭ್ಯರ್ಥಿಗೆ 5,000 ರೂಪಾಯಿ ಖರ್ಚಿನ ಮಿತಿ, ಶೇ. 75 ಹಾಜರಿ, ವಯಸ್ಸಿನ ಮಿತಿ. 2006ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಜಾರಿ ಮಾಡಲು ಹೇಳಿತು. 2025ರ ಕೊನೆಯಲ್ಲಿ ನಮ್ಮ ರಾಜ್ಯದಲ್ಲೂ ಚುನಾವಣೆ ಮರಳಿ ತರುವ ಮಾತು ಸರ್ಕಾರದ ಕಡೆಯಿಂದಲೇ ಬಂತು. ಅದು ಪಕ್ಷಗಳ ಮರಿ ಕಚೇರಿಗಳನ್ನು ತೆರೆಯೋಕೆ ಮಾತ್ರ ಆದರೆ ಬೇಡ. ಆದರೆ ಸೋಲುವುದು ಹೇಗೆ, ಸೋತವರ ಜೊತೆ ಕೆಲಸ ಮಾಡುವುದು ಹೇಗೆ, ಲೆಕ್ಕ ಕೊಡುವುದು ಹೇಗೆ ಅನ್ನೋದನ್ನು ಬೇರೆಲ್ಲಿ ಕಲಿಯೋಣ?

ಬೇಡಿಕೆಗಳು ದೊಡ್ಡವೇನಲ್ಲ. ಸಂಜೆ ಆರರವರೆಗೆ ಗ್ರಂಥಾಲಯ ತೆರೆದಿರಲಿ. ಕಮ್ಮಿ ದರದ ಕ್ಯಾಂಟೀನ್ ಇರಲಿ. ಕಾಯಂ ಉಪನ್ಯಾಸಕರು ಬರಲಿ. ವಿದ್ಯಾರ್ಥಿವೇತನ ವರ್ಷದ ಕೊನೆಗಲ್ಲ, ಜೂನ್-ಜುಲೈನಲ್ಲೇ ಕೈಗೆ ಸಿಗಲಿ. ಪದವಿ ಮುಗಿಸಿ ಕೆಲಸ ಸಿಗದವರಿಗೆ ಯುವನಿಧಿಯಲ್ಲಿ ತಿಂಗಳಿಗೆ 3,000 ರೂಪಾಯಿ ಕೊಡುತ್ತಾರೆ, ಒಳ್ಳೆಯದು. ಪದವಿ ಮುಗಿಸೋದಕ್ಕೇ ದುಡಿಯಬೇಕಾದವರ ಬಗ್ಗೆಯೂ ಯಾರಾದರೂ ಯೋಚಿಸಲಿ.

ಅವಳಿಗೆ ಏನು ಹೇಳಿದೆ

ಮೊನ್ನೆ ಭಾನುವಾರ ಅವಳ ಮನೆಗೆ ಹೋದೆ. ಮೇಲಿನದ್ದನ್ನೆಲ್ಲ ಹೇಳಿದೆ, ಇಷ್ಟು ಉದ್ದಕ್ಕೆ ಅಲ್ಲ. ಅವಳ ಅಮ್ಮ ಸೊಪ್ಪು ಬಿಡಿಸುತ್ತಾ ಕೇಳಿಸಿಕೊಂಡರು. "ಎಲ್ಲಾ ಸರಿನಮ್ಮ, ಆದ್ರೆ 16 ಸಾವಿರ" ಅಂದರು. ಅದಕ್ಕೆ ನನ್ನ ಹತ್ತಿರ ಈಗಲೂ ಉತ್ತರ ಇಲ್ಲ. ಆ ಉತ್ತರ ಕೊಡಬೇಕಾದ್ದು ನಾನಲ್ಲ.

ಕೊನೆಗೆ ಆದ ತೀರ್ಮಾನ ಇಷ್ಟು: ಗೋದಾಮಿನಲ್ಲಿ ವಾರಕ್ಕೆ ಮೂರು ದಿನದ ಸಂಜೆ ಪಾಳಿ ಕೇಳ್ತಾಳೆ. ಕೊಟ್ಟರೆ ಕಾಲೇಜು ಮುಂದುವರಿಯುತ್ತೆ. ಕೊಡದಿದ್ದರೆ ಮತ್ತೆ ಕೂತು ಮಾತಾಡಬೇಕು. ಹೊರಡುವಾಗ ಅವಳಿಗೆ ಹೇಳಿದೆ, "ಕ್ಲಾಸ್ ಮುಗಿದ ತಕ್ಷಣ ಓಡಬೇಡ, ವಾರಕ್ಕೆ ಒಂದು ದಿನವಾದರೂ ಒಂದು ಗಂಟೆ ಅಲ್ಲೇ ಇರು. ಯಾರ ಜೊತೆಗಾದರೂ ಕೂತ್ಕೋ."

ಅವಳು ನಕ್ಕು ಕೇಳಿದಳು, "ಎಲ್ಲಿ ಕೂರಲಿ ಅಕ್ಕ? ಗೇಟು ಎರಡು ಗಂಟೆಗೆ ಹಾಕ್ತಾರೆ."